ಗಾಳಿಗೆ ಬಿಡದ ಹೆಸರು

ಅವರ ಪೂರ್ತಿ ಹೆಸರನ್ನು ನಾನು ಮೊದಲ ಬಾರಿ ಕೇಳಿದ್ದು ಅವರು ಸತ್ತ ದಿನ, ಅದೂ ಮೈಕಿನಲ್ಲಿ. ನಿಪ್ಪಾಣಿಯಲ್ಲಿ ಯಾರಾದರೂ ತೀರಿಕೊಂಡರೆ ರಿಕ್ಷಾಕ್ಕೆ ಮೈಕು ಕಟ್ಟಿ ಗಲ್ಲಿ ಗಲ್ಲಿ ಸುತ್ತಿಸುತ್ತಾರೆ. ರಾಯಬಾಗದಿಂದ ಬಂದಿದ್ದ ಅವರ ತಂಗಿಯ ಮಗ, ಪದ್ಧತಿ ಬಿಡಬಾರದೆಂದು, ಅದನ್ನು ಮಾಡಿಸಿದ್ದ. ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ: ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮನೆಯ ಗಲ್ಲಿ, ಹೆಣ ಎತ್ತುವ ಹೊತ್ತು. ನಾನು ತರಕಾರಿ ಚೀಲ ಹಿಡಿದು ರಸ್ತೆಯಲ್ಲೇ ನಿಂತೆ. ದುಃಖಕ್ಕಿಂತ ಮೊದಲು ಹೆದರಿಕೆ ಬಂತು. ಅವರಿಗೆ ಇದು ಕೇಳಿಸಿಬಿಟ್ಟರೆ?

ರಿಕ್ಷಾ ನಮ್ಮ ಗಲ್ಲಿಗೆ ತಿರುಗಿದಾಗ ನಮ್ಮ ಚಾಳಿನ ಒಬ್ಬ ಓಡಿಹೋಗಿ ಅದನ್ನು ನಿಲ್ಲಿಸಿ, ಒಳಗೆ ಕೈಹಾಕಿ, ತಾನೇ ಮೈಕು ಬಂದ್ ಮಾಡಿದ. ಅವನೇ ಯಾಕೆ ಹೋದ ಎನ್ನುವುದನ್ನು ಹೇಳಬೇಕಾದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ.

ಚಾಳಿನವರೆಲ್ಲ ಅವರನ್ನು ರಂಗೂನ್ ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲಿಯೂ ಅಷ್ಟೇ ಸಾಕು. ಅವರ ಬಗ್ಗೆ ನನಗೆ ಗೊತ್ತಿರುವುದು ಸಾಲಾಗಿ ಬರುವುದಿಲ್ಲ. ಸಾಲಾಗಿ ಬಂದಾಗಲೆಲ್ಲ ನಡುವೆ ನಾನೇ ಏನನ್ನೋ ಸೇರಿಸಿದ್ದೇನೆ ಎಂದು ಅನುಮಾನವಾಗುತ್ತದೆ. ಹಾಗಾಗಿ ಕೈಗೆ ಸಿಕ್ಕಂತೆ ಬರೆಯುತ್ತೇನೆ.

ಚಾಳಿನ ತುದಿಯ ಖೋಲಿಯಲ್ಲಿ ಒಬ್ಬರೇ ಇದ್ದರು. ತಂಬಾಕಿನ ವಖಾರಿಯಲ್ಲಿ ದುಡಿದು ಬಿಟ್ಟಿದ್ದರು, ಆದರೆ ಅಂಗಿಯಿಂದ ತಂಬಾಕಿನ ಘಾಟು ಹೋಗಿರಲಿಲ್ಲ. ಯಾರನ್ನೂ ಬೀದಿಯಲ್ಲಿ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಕೆಲಸವಿದ್ದರೆ ಬಾಗಿಲವರೆಗೆ ಬಂದು ಚೌಕಟ್ಟಿಗೆ ಉಗುರಿನಿಂದ ಟಕ್ಕೆನಿಸುತ್ತಿದ್ದರು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನನಗೆ ಮಾಸ್ತರ, ಹೆಂಗಸರಿಗೆ ತಂಗಿ, ಅಕ್ಕಾರ, ಹುಡುಗರಿಗೆಲ್ಲ ಒಂದೇ ‘ಏ ಶಾಣ್ಯಾ’. ರೇಶನ್ ಅಂಗಡಿಯಲ್ಲಿ ತಮ್ಮ ಹೆಸರು ಕೂಗುವುದಕ್ಕಿಂತ ಮೊದಲೇ ಮುಂದೆ ನುಗ್ಗಿ ಕಾರ್ಡು ಚಾಚುತ್ತಿದ್ದರು. ಜನ ಬೈದರೆ ಬೈಸಿಕೊಳ್ಳುತ್ತಿದ್ದರು.

ಗಣಪತಿ ಕೂಡಿಸುವಾಗ ಮಂಡಳದ ಹುಡುಗರಿಗೆ ಧಾರಾಳವಾಗಿ ವರ್ಗಣಿ ಕೊಡುತ್ತಿದ್ದರು, ಮೈಕಿನಲ್ಲಿ ಹೆಸರು ಹೇಳಬಾರದು ಎಂಬ ಕರಾರಿನ ಮೇಲೆ. ಒಂದು ವರ್ಷ ಹೊಸ ಹುಡುಗನೊಬ್ಬ ಪ್ರೀತಿಯಿಂದ ‘ನಮ್ಮ ಲಾಡಕೇ ರಂಗೂನ್ ಕಾಕಾ’ ಎಂದು ಮೈಕಿನಲ್ಲಿ ಹೊಗಳಿಬಿಟ್ಟ. ಕಾಕಾ ಖೋಲಿಗೆ ಬೀಗ ಹಾಕಿ ರಾಯಬಾಗದ ತಂಗಿಯ ಮನೆಗೆ ಹೋದರು. ಗಣಪತಿ ಕಳಿಸಿದ ಮೇಲೆಯೇ ಬಂದರು. ಹುಡುಗರು ಎದುರಿಗೇ ಕಿಚಾಯಿಸಿದರು.

“ಕಾಕಾ, ಪೊಲೀಸರು ಬಂದಿದ್ರು, ನಿಮ್ಮನ್ನ ಕೇಳಿ ಹೋದ್ರು.”

ಅದು ಚೇಷ್ಟೆ ಎಂದು ಅವರಿಗೆ ಗೊತ್ತಿತ್ತು. ನಕ್ಕರು ಕೂಡ. ಆದರೆ ಬೀಗದ ಕೈ ಕಿಂಡಿಗೆ ಸೇರಲಿಲ್ಲ, ನಾನೇ ತೆಗೆದುಕೊಟ್ಟೆ.

ಅವರ ಹತ್ತಿರ ದೂರದ ಕೇಂದ್ರಗಳನ್ನು ಹಿಡಿಯುವ ಒಳ್ಳೆಯ ರೇಡಿಯೊ ಇತ್ತು. ಆದರೆ ಅದರಲ್ಲಿ ಬೆಳಗಿನ ಕನ್ನಡ ವಾರ್ತೆಯನ್ನು ಕೂಡ ಅವರು ಕದ್ದು ಕೇಳುವವರ ಹಾಗೆ ಕೇಳುತ್ತಿದ್ದರು. ಧ್ವನಿ ಕೆಳಗಿಳಿಸಿ, ಪೆಟ್ಟಿಗೆಗೆ ಕಿವಿ ಹಚ್ಚಿ, ಮೇಲೊಂದು ಚಾದರ. ಕಿಟಕಿ ಮುಚ್ಚಿರಬೇಕು. ಮುಗಿದ ಮೇಲೆ ಗುಂಡಿ ಒತ್ತುವ ಮೊದಲು ಮುಳ್ಳನ್ನು ಆ ಕೇಂದ್ರದಿಂದ ಸರಿಸಿ, ಪಟ್ಟಿಯ ಕೊನೆಗೆ, ಏನೂ ಬಾರದ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದರು. ಪ್ರತಿ ದಿನ.

“ಯಾಕ್ರಿ ಕಾಕಾ, ನಾಳಿ ಮತ್ತ ಅದ ಸ್ಟೇಶನ್ ಹುಡುಕೂದು ತ್ರಾಸ ಅಲ್ಲೇನು?” ಎಂದು ಒಮ್ಮೆ ಕೇಳಿದೆ.

“ಹುಡುಕಬಹುದು. ಬಂದವರು ಮೊದಲ ಮುಳ್ಳ ಎಲ್ಲಿ ನಿಂತೈತಿ ಅಂತ ನೋಡ್ತಾರ.”

“ಯಾರು ಬರ್ತಾರ?”

“ಯಾರೂ ಇಲ್ಲ. ನಿಪ್ಪಾಣ್ಯಾಗ ಯಾರ ಬರ್ತಾರ, ಮಾಸ್ತರ?” ಎಂದು ಹೇಳುತ್ತಲೇ ಮುಳ್ಳು ಇನ್ನೂ ಕೂದಲೆಳೆಯಷ್ಟು ಸರಿಸಿದರು.

ಎಳೆಯ ವಯಸ್ಸಿನಲ್ಲಿ ತಂದೆಯ ಜೊತೆ ತಂಬಾಕಿನ ವ್ಯಾಪಾರಕ್ಕೆ ರಂಗೂನಿಗೆ ಹೋದವರು ಅವರು. ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಬರ್ಮಾ ಹಿಡಿದಾಗ ಅಲ್ಲೇ ಸಿಕ್ಕಿಬಿದ್ದರು. ಆಗ ದಿಲ್ಲಿಯಿಂದ ಬರ್ಮಿ, ತಮಿಳು, ಹಿಂದುಸ್ತಾನಿ ಭಾಷೆಗಳಲ್ಲಿ, ಜಪಾನ್ ಹಿಡಿದುಕೊಂಡ ನಾಡುಗಳ ಜನರಿಗಾಗಿ ರೇಡಿಯೊ ವಾರ್ತೆ ಬರುತ್ತಿತ್ತಂತೆ. ಕೇಳಿದವರು ಸಿಕ್ಕಿಬಿದ್ದರೆ ಗತಿಯಿಲ್ಲ. ಆದರೂ ಕೇಳುತ್ತಿದ್ದರು, ಯಾಕೆಂದರೆ ವಾರ್ತೆಯ ಕೊನೆಗೆ ಈಚೆ ಉಳಿದ ಮನೆಯವರ ಸಂದೇಶ ಓದುತ್ತಿದ್ದರು: ಇಂಥವರ ಮಗ ಇಂಥವನೇ, ಇಂಥ ಬೀದಿಯವನೇ, ನಿನ್ನ ತಾಯಿ ಚೆನ್ನಾಗಿದ್ದಾಳೆ. ಹಾಗೆ ಹೆಸರು ಬಂದ ಒಬ್ಬನ ಮನೆಗೆ ಸೈನಿಕರು ಬಂದರು. ಅವನು ಮತ್ತೆ ಕಾಣಲಿಲ್ಲ.

ಇಷ್ಟನ್ನು ಒಂದೇ ಉಸಿರಿಗೆ ಬರೆದುಬಿಟ್ಟೆ. ಅವರು ಹೀಗೆ ಹೇಳಿದ್ದಲ್ಲ. ಹರಕು ಹರಕಾಗಿ ಹಲವು ವರ್ಷಗಳಲ್ಲಿ ಬಂದದ್ದು. ಒಮ್ಮೆ ಆ ಮನುಷ್ಯ ಪಕ್ಕದ ಮನೆಯ ದರ್ಜಿ, ಒಮ್ಮೆ ಶಾಲೆಯ ಗೆಳೆಯ, ಒಮ್ಮೆ ಕಂಪೌಂಡರ್. ಇಬ್ಬರೋ ಮೂವರೋ ಇದ್ದರೋ, ಒಬ್ಬನನ್ನೇ ಬೇರೆ ಬೇರೆ ವೇಷದಲ್ಲಿ ಬಚ್ಚಿಡುತ್ತಿದ್ದರೋ, ನನಗೆ ತಿಳಿಯದು. ರೇಡಿಯೊದಿಂದಲೇ ಸೈನಿಕರು ಬಂದರು ಎನ್ನಲು ಏನು ಆಧಾರ ಎಂದು ನನ್ನ ವಿದ್ಯೆಗೆ ತಕ್ಕ ಪ್ರಶ್ನೆ ಕೇಳಿದ್ದೆ.

“ಆಧಾರ ಇಲ್ಲ,” ಎಂದರು. “ತಾಯಿ ಪ್ರೀತಿಲೆ ಹೆಸರ ಗಾಳಿಗೆ ಬಿಟ್ಳು. ಗಾಳಿ ಯಾರ ಯಾರ ಕಿವಿಗೆ ಒಯ್ತು, ಯಾರಿಗೆ ಗೊತ್ತು?”

ಇರಾಕಿನ ಸೈನ್ಯ ಕುವೈತನ್ನು ಹಿಡಿದ ವರ್ಷ ನಮ್ಮ ಚಾಳಿನ ಒಬ್ಬ ಅಲ್ಲಿದ್ದ, ಮುಂದೆ ರಿಕ್ಷಾದ ಮೈಕು ಬಂದ್ ಮಾಡಿದವನೇ. ಕ್ರೇನ್ ಮೆಕ್ಯಾನಿಕ್. ಇಲ್ಲಿ ಅವನ ಹೆಂಡತಿ ಶೋಭಾ ಮತ್ತು ತಾಯಿ ಇದ್ದರು. ಪತ್ರ ನಿಂತವು, ಫೋನು ಹತ್ತುತ್ತಿರಲಿಲ್ಲ. ಬದುಕಿದ್ದಾನೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಅತ್ತೆ ಸೊಸೆ ಇಬ್ಬರೂ ಬೆಳಿಗ್ಗೆ ಕಾಕಾನ ಖೋಲಿಗೆ ಬಂದು ಕೂಡತೊಡಗಿದರು. ಹಿಂದಿಯನ್ನು ಬಿಡಿಸಿ ಹೇಳಲು ನಾನು.

ಒಂದು ಹೊರದೇಶದ ಕೇಂದ್ರದ ಹಿಂದಿ ವಾರ್ತೆಯಲ್ಲಿ, ಕುವೈತಿನಲ್ಲಿ ಸಿಕ್ಕಿಬಿದ್ದವರಿಗೆ ಮನೆಯವರು ಸಂದೇಶ ಕಳಿಸಬಹುದು, ನಾವು ಓದುತ್ತೇವೆ ಎಂದು ಹೇಳಿ ದಿಲ್ಲಿಯ ವಿಳಾಸ ಕೊಟ್ಟರು. ನಾನು ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಮುದುಕಿ ನೆಟ್ಟಗೆ ಕುಳಿತಳು.

“ಬರೀರಿ ಸರ. ನನ್ನ ಮಗನ ಹೆಸರ, ಅವರಪ್ಪನ ಹೆಸರ, ನಿಪ್ಪಾಣಿ, ಜಿಲ್ಲಾ ಬೆಳಗಾಂವ. ಎಲ್ಲಾ ಬರೀರಿ. ಒಂದ ಅಕ್ಷರ ಬಿಡಬ್ಯಾಡ್ರಿ.”

ಕಾಕಾ ರೇಡಿಯೊ ಆರಿಸಿಬಿಟ್ಟರು. ಅವರ ಮುಖ ತಂಬಾಕಿನ ಒಣ ಎಲೆಯ ಹಾಗೆ ಆಗಿತ್ತು.

“ಹೆಸರ ಬ್ಯಾಡ ಅಕ್ಕಾರ.”

“ಹೆಸರ ಬ್ಯಾಡಂದ್ರ? ಹೆಸರಿಲ್ಲದ ಯಾರ ಮಗ ಅಂತ ಕರೀಲಿ?”

“ಅಂವ ಎಲ್ಲಿ ಅಡಗ್ಯಾನೋ, ಯಾರ ಮಗ್ಗಲಿಗೆ ಕುಂತಾನೋ. ರೇಡಿಯೊ ಅವನ ಒಬ್ಬನ ಕಿವ್ಯಾಗ ಹೇಳಂಗಿಲ್ಲ. ಹೆಸರ ಹೇಳಿಸೂದಿದ್ರ ನನ್ನ ಖೋಲ್ಯಾಗ ಕೇಳಬ್ಯಾಡ್ರಿ.”

“ಮಕ್ಕಳ ಇದ್ದಿದ್ರ ತಿಳೀತಿತ್ತು ನಿಮಗ,” ಎಂದಳು ಮುದುಕಿ.

ಅದು ಆಡಬಾರದ ಮಾತು. ಕಾಕಾ ಚಾದರ ಮಡಚಲು ಶುರುಮಾಡಿದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ಆಗ ಶೋಭಾ ಬಾಯಿ ಬಿಟ್ಟಳು.

“ನಾ ಹೆಂಗೂ ಅವರ ಹೆಸರ ಹೇಳಂಗಿಲ್ರಿ ಕಾಕಾ. ಒಡಪ ಹೇಳಿದ್ರ ನಡೀತೈತೇನು?”

ನಮ್ಮ ಕಡೆ ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲಲ್ಲಿ ನಿಂತಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಬೇರೆ ದಿನ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ, ಆ ದಿನ ಹೇಳಲೇಬೇಕು, ಅದೂ ಒಡಪಿನ ನಾಲ್ಕು ಸಾಲು ಕಟ್ಟಿ ಅದರೊಳಗೆ ಕೂಡಿಸಿ. ಐನಾಪುರದಿಂದ ಬಂದಿದ್ದ ಶೋಭಾ ಆ ದಿನ ಹಟ ಹಿಡಿದವಳಂತೆ. ಹೆಸರೇ ಇಲ್ಲದ ಒಡಪು ಹೇಳಿ ಸುಮ್ಮನೆ ನಿಂತಳಂತೆ. ನಾದಿನಿಯರು ಮತ್ತೆ ಮತ್ತೆ ಕೇಳಿದರೂ ಅದೇ ನಾಲ್ಕು ಸಾಲು. ಕೊನೆಗೆ ನಗು ತಡೆಯಲಾಗದೆ ಅತ್ತೆಯೇ ಕೈಹಿಡಿದು ಒಳಗೆ ಎಳೆದುಕೊಂಡಳಂತೆ. ಆಮೇಲೆ ಗಂಡ ಸಿಟ್ಟು ಬಂದಾಗಲೂ ಖುಷಿಯಾದಾಗಲೂ ಅದೇ ಸಾಲು ಹೇಳಿ ಅವಳನ್ನು ಕಾಡುತ್ತಿದ್ದ.

ಖೋಲಿಯಲ್ಲಿ ಶೋಭಾ ನೆಲ ನೋಡುತ್ತ ಅದನ್ನು ಹೇಳಿದಳು:

“ಕೃಷ್ಣಾ ಹೊಳಿ ದಾಟಿ ಬಂದೀನಿ, ದಣದಾವ ನನ್ನ ಕಾಲ,
ಮನಿ ಮುಂದ ನಿಂತೀನಿ, ಬಿಡ್ರಿ ನನಗ ಬಾಗಿಲ.
ಹೊಸ್ತಿಲ ದಾಟಿದ ಮ್ಯಾಗ ಹೇಳತೀನಿ ಹೆಸರ,
ಹೊರಗ ನಿಂತ ಕೇಳಬ್ಯಾಡ್ರಿ, ನನಗಿಲ್ಲ ಅವಸರ.”

ಮೂರನೆಯ ಸಾಲಿಗೆ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ಬಹಳ ಹೊತ್ತು ಯೋಚಿಸಿದರು, ಪ್ರತಿ ಶಬ್ದವನ್ನೂ ಬೆಳಕಿಗೆ ಹಿಡಿದು ನೋಡುವವರ ಹಾಗೆ.

“ಕೃಷ್ಣಾ ಹೊಳಿ ಉದ್ದ ಐತಿ,” ಎಂದರು ಕೊನೆಗೆ. “ಇರಲಿ.”

ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಪ್ರಾಸ ಸತ್ತಿತು, ಅರ್ಥ ಉಳಿಯಿತು. ತಾರ್ ಆಫೀಸಿನ ಗುಮಾಸ್ತ ಅದನ್ನು ಮೇಲೆ ಕೆಳಗೆ ಓದಿ ನನ್ನ ಮುಖ ನೋಡಿದ.

“ಒಳಗಿನ ಮಾತ ಯಾರಿಗ್ರಿ ಸರ?”

“ಅವರಿಗೆ ತಿಳೀತೈತಿ.”

“ಸತ್ತದ್ದ ಸುದ್ದಿ ಏನ್ರಿ, ಮದುವಿದೇನ್ರಿ? ಮದುವಿದಾದ್ರ ಶುಭಾಶಯದ ನಂಬರ್ ಹಚ್ಚತೀನಿ, ಸೋವಿ ಬೀಳ್ತೈತಿ.”

“ಮದುವಿದ ಅನ್ರಿ. ಹಳೇದು.”

“ಕಾಲೇಜ ಮಂದಿ ಏನೇನ ಕಳಸ್ತೀರೋ,” ಎನ್ನುತ್ತ ಅವನು ಶಬ್ದ ಎಣಿಸಿದ.

ರೇಡಿಯೊದಲ್ಲಿ ಅದನ್ನು ಓದಿದ ಬೆಳಿಗ್ಗೆ ಸಂದೇಶಗಳು ಬಹಳ ಇದ್ದವು. ಕೇರಳದ ಹೆಸರು, ಹೈದರಾಬಾದಿನ ಹೆಸರು, ತಂದೆಯ ಹೆಸರು, ಕಂಪನಿಯ ಹೆಸರು, ಇಂಥ ಕಟ್ಟಡದ ಇಂಥ ಮಾಳಿಗೆ. ಒಂದೊಂದು ಹೆಸರು ಬಂದಾಗಲೂ ಕಾಕಾನ ಹೆಬ್ಬೆರಳು ಧ್ವನಿಯನ್ನು ಇನ್ನಷ್ಟು ಇಳಿಸುತ್ತಿತ್ತು. ತಾವು ಇಳಿಸುತ್ತಿದ್ದೇವೆಂದು ಅವರಿಗೆ ಗೊತ್ತೇ ಇರಲಿಲ್ಲವೇನೋ. ಕೊನೆಗೆ ಸೊಳ್ಳೆಯ ಗುಂಯ್‌ಗಿಂತ ಸಣ್ಣದಾಯಿತು. ಶೋಭಾ ಎದ್ದು ಬಂದು ಅವರ ಮಣಿಕಟ್ಟು ಹಿಡಿದಳು. ಪರಾಯಿ ಗಂಡಸಿನ ಕೈ ಹಿಡಿದೆ ಎಂಬ ಎಚ್ಚರ ಇಬ್ಬರಿಗೂ ಇರಲಿಲ್ಲ. ಆಗ ಕೇಳಿತು. ಯಾವುದೋ ಹೆಣ್ಣಿನ ದನಿ, ಯಾವ ಭಾವವೂ ಇಲ್ಲದೆ, ಕೃಷ್ಣಾ ನದಿ ದಾಟಿ ಬಂದಿದ್ದೇನೆ ಎಂದಿತು. “ನಾಮ್ ಚೌಖಟ್ ಕೇ ಅಂದರ್ ಬತಾಊಂಗೀ” ಎಂದಿತು. ಆಮೇಲೆ ಮುಂದಿನ ಹೆಸರು.

“ಇಷ್ಟ?” ಎಂದಳು ಮುದುಕಿ. “ಊರ ಮಂದಿ ಮಕ್ಕಳ ಹೆಸರೆಲ್ಲಾ ಬಂದ್ವು. ನನ್ನ ಮಗನ ಹೆಸರ ಎಲ್ಲಿ ಬಂತು?”

ಕಾಕಾ ಮುಳ್ಳು ತಿರುಗಿಸಿ, ಗುಂಡಿ ಒತ್ತಿದರು. ಅವರ ಅಂಗಿಯ ಬೆನ್ನು ಪೂರಾ ತೊಯ್ದಿತ್ತು.

ಆಮೇಲಿನ ದಿನಗಳು ನನಗೆ ಒಂದಕ್ಕೊಂದು ಅಂಟಿಕೊಂಡಿವೆ. ಕುಡಚಿಯ ಇಬ್ಬರು ಹುಡುಗರು ಕುವೈತಿನಿಂದ ಬಂದರು ಎಂಬ ಸುದ್ದಿ ಬಂತು. ಮುದುಕಿ ಕುಡಚಿಗೆ ಹೋಗಿ ಅವರನ್ನು ಕಂಡು ಬಂದಳು. ತನ್ನ ಮಗನನ್ನು ಅವರು ಕಂಡಿರಲಿಲ್ಲ. ಬಂದವಳು ತನ್ನ ಮನೆಗೂ ಹೋಗದೆ ಕಾಕಾನ ಬಾಗಿಲಲ್ಲಿ ನಿಂತಳು.

“ಅವರ ಹೆಸರ ರೇಡಿಯೊದಾಗ ಹೇಳಿದ್ರಂತ ಅಣ್ಣಾರ. ಅಪ್ಪನ ಹೆಸರ ಸುದ್ದಾ. ಯಾರೂ ಹಿಡೀಲಿಲ್ಲ. ಕೇಳಿ ಧೈರ್ಯಾ ತಗೊಂಡ ಹೊಂಟ ಬಂದ್ರಂತ. ನನ್ನ ಮಗಗ ಮನಿಯವರು ಮರತಾರ ಅಂತ ಅನಿಸಿರಬೇಕು.”

ಕಾಕಾ ಮರುದಿನದಿಂದ ರೇಡಿಯೊ ಹಚ್ಚಲಿಲ್ಲ. ನಾನು ಹೋದಾಗ ಅದರ ಮುಂದೆ ಚಾದರ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.

“ಮಾಸ್ತರ, ಅಂವ ಸತ್ತಿದ್ರ ಹೆಸರ ಹೇಳದ್ದಕ್ಕ ಸತ್ತಾನೇನು?”

ನಾನು ಇಲ್ಲ ಎಂದೆ ಅಂತ ಬರೆಯುವ ಆಸೆ. ನಿಜವಾಗಿ ಏನೆಂದೆ ನೆನಪಿಲ್ಲ. ಅವರು ಮುಂದೆ ಹೇಳಿದ್ದು ನೆನಪಿದೆ.

“ಅಲ್ಲಿ ಹೇಳಿದ್ದಕ್ಕ ಒಬ್ಬ ಹೋದ. ಇಲ್ಲಿ ಹೇಳದ್ದಕ್ಕ ಇನ್ನೊಬ್ಬ ಹೋದ್ರ, ನಾ ಇಷ್ಟ ವರ್ಷ ಅಂಜಿದ್ದು ಯಾವ ಲೆಕ್ಕಕ್ಕ?”

ಅವನು ಬಂದ. ಒಂದು ಮಧ್ಯಾಹ್ನ ಕೊಲ್ಲಾಪುರದ ಬಸ್ಸಿನಿಂದ ಇಳಿದು, ಒಂದು ಪ್ಲಾಸ್ಟಿಕ್ ಚೀಲ ಹಿಡಿದು, ತನ್ನ ಅಂಗಿ ತನಗೇ ದೊಡ್ಡದಾದವನ ಹಾಗೆ ನಡೆದು ಬಂದ. ಜೋರ್ಡಾನಿನ ಮರಳಿನಲ್ಲಿ ಡೇರೆ, ಅಲ್ಲಿಂದ ವಿಮಾನ, ಮುಂಬೈ. ಇಡೀ ಚಾಳು ಹೊರಗೆ ಬಂತು. ತಾಯಿ ಅವನ ಮುಖ ಸವರಿ ಸವರಿ ಅತ್ತಳು. ಶೋಭಾ ಹೊಸ್ತಿಲೊಳಗೆ ನಿಂತಿದ್ದಳು. ಅವನು ಹೊಸ್ತಿಲು ದಾಟಿದ. ಅವಳು ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಮುದುಕಿ ಕೇಳಿಬಿಟ್ಟಳು.

“ರೇಡಿಯೊದಾಗ ನಿನ್ನ ಹೇಂತಿ ಒಡಪ ಬಂದಿತ್ತಲ್ಲೋ. ಕೇಳಿದ್ಯೋ ಇಲ್ಲೋ?”

“ಯಾವ ರೇಡಿಯೊ?” ಎಂದ ಅವನು. ಬಹಳ ಬೇಗ ಎಂದ. “ನಾವ ರೇಡಿಯೊ ಮುಟ್ಟೇ ಇಲ್ಲ. ನಮ್ಮ ಖೋಲ್ಯಾಗ ರೇಡಿಯೊ ಇರಲಿಲ್ಲ.”

ಶೋಭಾ ಬಾಯಿ ಮುಚ್ಚಿದಳು. ನೀರು ತರಲು ಒಳಗೆ ಹೋದಳು. ಕಾಕಾ ತಮ್ಮ ಖೋಲಿಯ ಬಾಗಿಲಿನಿಂದಲೇ ಇದನ್ನು ಕೇಳಿಸಿಕೊಂಡರು.

ಅವನು ಬದುಕಿ ಬಂದದ್ದೇ ಸಾಲದೇ? ಸಾಲಬೇಕಿತ್ತು. ಆದರೆ ಶೋಭಾ ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿಯ ಮುಂದೆ ಅದನ್ನೇ ಎತ್ತುತ್ತಿದ್ದಳು. ನಾ ಗ್ವಾಡಿಗೆ ಹೇಳಿದಂಗ ಆತು ವೈನಿ, ಎನ್ನುತ್ತಿದ್ದಳು. ಅವನು ಯಾರ ಜೊತೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಸೈಕಲ್ ಟಾಯರು ಒಡೆದರೆ ಗೋಡೆಗೆ ಸರಿದು ನಿಲ್ಲುತ್ತಿದ್ದ. ನಾನು ಒಮ್ಮೆ ಅಲ್ಲಿಯ ವಿಷಯ ಕೆದಕಿದೆ.

“ನಾಕ್ ಮಂದಿ ಇದ್ದಿವ್ರಿ ಸರ ಖೋಲ್ಯಾಗ. ಮೂರ ಮಂದಿ ಬಂದಿವಿ,” ಎಂದ. ಅಷ್ಟೇ.

ಚಳಿಗಾಲ ಬಂದಿತ್ತು. ಅಲ್ಲಿ ದೊಡ್ಡ ಯುದ್ಧ ಶುರುವಾಗುವ ಮಾತು ನಡೆದಿತ್ತು. ಒಂದು ಸಂಜೆ ಕಾಕಾ ಚಹಾಕ್ಕೆ ಕರೆದರು. ಅವರು ಯಾರನ್ನಾದರೂ ಚಹಾಕ್ಕೆ ಕರೆದದ್ದು ಅದೇ ಮೊದಲು. ನಾನು, ಶೋಭಾ, ಅವಳ ಗಂಡ. ಮುದುಕಿ ಬರಲಿಲ್ಲ. ಕಾಕಾ ಬಹಳ ದಿನಗಳ ಮೇಲೆ ರೇಡಿಯೊ ಹಚ್ಚಿದರು. ಹಿಂದಿ ವಾರ್ತೆ. ಸಣ್ಣ ದನಿ. ಯಾವ ಕೇಂದ್ರ ಎಂದು ಹೇಳಬೇಕಾಗಿರಲಿಲ್ಲ, ಓದುತ್ತಿದ್ದದ್ದು ಅದೇ ಹೆಣ್ಣಿನ ದನಿ. ಕುವೈತಿನ ಹೆಸರು ಬಂತು. ಅವನು ಚಹಾದ ಬಸಿಯನ್ನು ಕೆಳಗಿಟ್ಟ. ಯಾರೂ ಹೇಳದೆ, ತನ್ನಷ್ಟಕ್ಕೆ, ಪೆಟ್ಟಿಗೆಯ ಹತ್ತಿರ ಸರಿದು ತಲೆ ಬಗ್ಗಿಸಿದ.

ವಾರ್ತೆ ಮುಗಿಯಿತು. ಕಾಕಾ ಕೈ ಚಾಚಿದರು. ಅವರ ಕೈ ಹೋಗುವ ಮೊದಲೇ ಇನ್ನೊಂದು ಕೈ ಅಲ್ಲಿತ್ತು. ಅವನು ಮುಳ್ಳನ್ನು ಸರ್ರನೆ ತಿರುಗಿಸಿ ಪಟ್ಟಿಯ ಕೊನೆಗೆ ಒಯ್ದು, ಆಮೇಲೆ ಗುಂಡಿ ಒತ್ತಿದ. ಕತ್ತಲಲ್ಲಿ ಎಷ್ಟೋ ಸಲ ಮಾಡಿದ ಕೆಲಸದ ಹಾಗೆ, ಕಣ್ಣಿಂದ ನೋಡದೆ. ಇದನ್ನು ನಾನು ಕಟ್ಟಿಕೊಂಡೆನೇ ಎಂದು ಎಷ್ಟೋ ಸಲ ನನ್ನನ್ನು ಕೇಳಿಕೊಂಡಿದ್ದೇನೆ. ಇಲ್ಲ. ಆ ಬೆರಳಿನ ಉಗುರಿನಲ್ಲಿ ಗ್ರೀಸಿನ ಕಪ್ಪು ಗೆರೆ ಇತ್ತು. ಕಾಕಾನ ಬೆರಳಲ್ಲ ಅದು.

ಅವನಿಗೂ ತಾನು ಏನು ಮಾಡಿದೆ ಎಂದು ಆಗ ತಿಳಿಯಿತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

“ಕೇಳ್ಯಾನ ಮಗಳ,” ಎಂದರು ಕಾಕಾ ಮೆಲ್ಲಗೆ. “ನಿಂದು ಕೇಳ್ಯಾನ.”

ಅವನು ಹೌದೆಂದು ತಲೆ ಆಡಿಸಿದ. “ನನ್ನ ಗೆಳ್ಯಾನ ಹೆಸರ ಬಂತು,” ಎಂದ. “ಅದ ಮುಂಜಾನಿ. ಇಕಿ ಒಡಪ ಆದ ಮ್ಯಾಗ.” ಖೋಲಿಯಿಂದ ಬಾರದೆ ಹೋದ ನಾಲ್ಕನೆಯವನು ಅವನಿರಬೇಕು. ಆ ಗೆಳೆಯ ಹೋದದ್ದು ಹೆಸರು ಬಂದದ್ದಕ್ಕೋ ಇನ್ನೇತಕ್ಕೋ, ರಂಗೂನಿನ ದರ್ಜಿಯ ಹಾಗೆ, ಆಧಾರವಿಲ್ಲ.

ಕಾಕಾ ಎದ್ದರು. ಬಾಗಿಲ ಹೊರಗೆ ಇಣುಕಿ ಗಲ್ಲಿಯ ಎರಡೂ ಕಡೆ ನೋಡಿದರು. ಬಾಗಿಲು ಹಾಕಿ ಅಗಳಿ ಸರಿಸಿದರು, ಕಿಟಕಿ ಮುಚ್ಚಿದರು. ಆಮೇಲೆ ಬಂದು ಶೋಭಾಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

“ಹೊಸ್ತಿಲ ದಾಟಿ ಎಷ್ಟೋ ದಿನ ಆತು. ಈಗ ಹೇಳು.”

ಅವಳು ಗಂಡನ ಹೆಸರು ಹೇಳಿದಳು. ಒಡಪಿಲ್ಲದೆ, ಹೆಸರೊಂದನ್ನೇ. ನನಗೂ ಕೇಳಿಸಿತು. ಇಲ್ಲಿ ಬರೆಯುವುದಿಲ್ಲ.

ಕಾಕಾ ಎದ್ದು ಹೋಗಿ, ಕಿಟಕಿಯ ಕದವನ್ನು ಇನ್ನೊಮ್ಮೆ ಒತ್ತಿ ನೋಡಿದರು.